ಪ್ರತಿ ಚಿತ್ರದ ಖರ್ಚು: ಹಾಸನ ಸೀಮೆಯಲ್ಲಿ ಕ್ಯಾಮೆರಾ ಆಯ್ಕೆಯ ಚರಿತ್ರೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಕೈಯಲ್ಲಿದ್ದಷ್ಟೇ ಹಣಕ್ಕೆ ಕ್ಯಾಮೆರಾ ಆರಿಸಬೇಕಾದವರನ್ನು ಬಹುಕಾಲ ಕಾಡಿದ್ದು ಕ್ಯಾಮೆರಾದ ಬೆಲೆಗಿಂತ ಹೆಚ್ಚಾಗಿ ಅದರೊಳಗೆ ತುಂಬಬೇಕಾದ ಸಾಮಗ್ರಿಯ ಬೆಲೆ. ಒಮ್ಮೆ ಕೊಂಡರೆ ಮುಗಿಯಿತು ಎನ್ನುವಂಥ ವಸ್ತುವಾಗಿ ಕ್ಯಾಮೆರಾ ಬಂದದ್ದು ಡಿಜಿಟಲ್ ಕಾಲದಲ್ಲಿ. ಅದಕ್ಕೆ ಮುಂಚೆ ಅದು ಉಳುವ ಎತ್ತಿನ ಹಾಗೆ ದುಡಿದಷ್ಟೂ ಮೇವು ಕೇಳುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸದೆ ಹಳೆಯ ಸ್ಟುಡಿಯೋದವರ ಆಯ್ಕೆಗಳನ್ನು ನೋಡಿದರೆ ಅವು ಬರಿಯ ಜಿಪುಣತನದಂತೆ, ಕೆಲವೊಮ್ಮೆ ಹಠದಂತೆ ಕಾಣುತ್ತವೆ.

ಜಿಲ್ಲೆಯ ಮಟ್ಟಿಗೆ ಈ ಚರಿತ್ರೆ ಅಚ್ಚರಿಯಾಗುವಷ್ಟು ಬೇಗ ಆರಂಭವಾಗುತ್ತದೆ. ದಾಗೆರ್‌ನ ವಿಧಾನ 1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಗಿ ಹದಿನೈದೇ ವರ್ಷಗಳಾಗಿದ್ದಾಗ, 1854ರ ಡಿಸೆಂಬರಿನಲ್ಲಿ, ಮದ್ರಾಸ್ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ ಬೇಲೂರು ಮತ್ತು ಹಳೇಬೀಡುಗಳ ದೇವಾಲಯಗಳ ಚಿತ್ರ ತೆಗೆದನು. ಆ ದಶಕದಲ್ಲಿಯೇ ವೈದ್ಯನಾಗಿದ್ದ ಆಂಡ್ರ್ಯೂ ನೀಲ್ ಕೂಡ ಅದೇ ಗೋಡೆಗಳನ್ನು ಚಿತ್ರಿಸಿದನು, ರಿಚರ್ಡ್ ಬ್ಯಾನರ್ ಓಕ್ಲಿ ಎಂಬವನು ಹಳೇಬೀಡಿನ 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದನು. ಟ್ರೈಪ್ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್, ಅಂದರೆ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಕಾಗದಕ್ಕೆ ಹೀರಿಸಿ, ನಿಮಿಷಗಟ್ಟಲೆ ಬೆಳಕಿಗೊಡ್ಡಿ ಪಡೆಯುವ ವಿಲೋಮ ಚಿತ್ರ. ಅದೇ ಕಾಲಕ್ಕೆ ಬಳಕೆಗೆ ಬರುತ್ತಿದ್ದ ಗಾಜಿನ ಒದ್ದೆ ತಟ್ಟೆ ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುತ್ತಿದ್ದರೂ ಲೇಪ ಒಣಗುವ ಮೊದಲೇ ಸ್ಥಳದಲ್ಲಿಯೇ ಕತ್ತಲೆ ಡೇರೆ ಹಾಕಿ ಸಂಸ್ಕರಿಸಬೇಕಾಗಿತ್ತು. ಮೇಣದ ಕಾಗದವನ್ನಾದರೋ ಮುಂಚಿತವಾಗಿ ಸಿದ್ಧಮಾಡಿಟ್ಟುಕೊಂಡು ಪ್ರಯಾಣ ಹೊರಡಬಹುದಾಗಿತ್ತು. ಸಂಬಳ, ಆಳುಕಾಳು, ಬಿಡುವು ಮೂರೂ ಇದ್ದವರೂ ಹೀಗೆ ಸಾಗಣೆಯ ಲೆಕ್ಕ ಹಾಕಿಯೇ ಉಪಕರಣ ಆರಿಸಬೇಕಾಗಿತ್ತು. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ದೀರ್ಘ ಬೆಳಕೊಡ್ಡಿಕೆ ಅವರಿಗೆ ತೊಂದರೆಯಾಗಲಿಲ್ಲ. ಅದೇ ಗುಡಿಯ ಮುಂದೆ ನಿಂತ ಊರವರು ಚಿತ್ರದಲ್ಲಿ ಮೂಡಬೇಕಾದರೆ ಮಿಸುಕದೆ ನಿಂತಿರಬೇಕಾಗಿತ್ತು.

ಅಗ್ಗದ ಕ್ಯಾಮೆರಾ ಎಂಬ ಕಲ್ಪನೆಗೆ ರೂಪ ಕೊಟ್ಟದ್ದು ಅಮೆರಿಕದ ಕೊಡಾಕ್ ಸಂಸ್ಥೆ. 1888ರಲ್ಲಿ 25 ಡಾಲರಿಗೆ ಮಾರಾಟವಾದ ಅದರ ಮೊದಲ ಕ್ಯಾಮೆರಾದ ನಂತರ 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು, ಆದರೆ ಆರು ಚಿತ್ರಗಳ ಸುರುಳಿಗೆ 15 ಸೆಂಟು. ಏಳು ಸುರುಳಿ ಮುಗಿಸುವಷ್ಟರಲ್ಲಿ ಕೊಂಡವನು ಕ್ಯಾಮೆರಾಕ್ಕಿಂತ ಹೆಚ್ಚು ಹಣವನ್ನು ಫಿಲ್ಮಿಗೇ ತೆತ್ತಿರುತ್ತಿದ್ದನು. ವ್ಯಾಪಾರದ ಲಾಭವೆಲ್ಲ ಎಲ್ಲಿ ಅಡಗಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ಹಳೆಯ ಮೈಸೂರು ಸೀಮೆಯ ತಾಲ್ಲೂಕು ಊರುಗಳ ಸ್ಟುಡಿಯೋಗಳು ಈ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದವು. ಹೊರಗೆ ಸಣ್ಣ ಕ್ಯಾಮೆರಾಗಳು ಬಂದಮೇಲೂ ಅವರು ಮರದ ಹಾಫ್ ಪ್ಲೇಟ್ ಕ್ಯಾಮೆರಾವನ್ನು, ಅಂದರೆ ಅಂಗೈಗಿಂತ ದೊಡ್ಡ ನೆಗೆಟಿವ್ ಕೊಡುವ, ಕರಿಯ ಬಟ್ಟೆಯೊಳಗೆ ತಲೆಹಾಕಿ ನೋಡಬೇಕಾದ ಪೆಟ್ಟಿಗೆಯನ್ನು ಬಿಡಲಿಲ್ಲವೆಂಬುದಕ್ಕೆ ಸಂಪ್ರದಾಯಪ್ರೀತಿಯೊಂದೇ ಕಾರಣವಲ್ಲ. ಆ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಅಷ್ಟೇ ಗಾತ್ರದ ಪ್ರತಿ ತೆಗೆಯಬಹುದಾಗಿದ್ದರಿಂದ ಹಿಗ್ಗಿಸುವ ಯಂತ್ರದ ಖರ್ಚು ಉಳಿಯುತ್ತಿತ್ತು; ಮುಖದ ಮೇಲಿನ ಸಿಡುಬಿನ ಕಲೆಯನ್ನು ನೆಗೆಟಿವ್ ಮೇಲೆಯೇ ಸೀಸದ ಕಡ್ಡಿಯಿಂದ ಮರೆಸುವ ತಿದ್ದುಪಡಿಗೂ ದೊಡ್ಡ ಗಾತ್ರವೇ ಬೇಕಾಗಿತ್ತು. ಮಾವಿನ ತೋಪು, ಅರಮನೆಯ ಮೆಟ್ಟಿಲು ಬರೆದ ಪರದೆಯ ಮುಂದೆ ಜೀವಮಾನದಲ್ಲಿ ಒಂದೆರಡು ಬಾರಿ ಕುಳಿತುಕೊಳ್ಳುವ ಗಿರಾಕಿಗೆ ಬೇಕಾಗಿದ್ದದ್ದು ಒಂದೇ ಒಂದು ಒಳ್ಳೆಯ ಚಿತ್ರ, ಹನ್ನೆರಡಲ್ಲ.

ಸ್ಟುಡಿಯೋದಿಂದ ಮನೆಗೆ ಕ್ಯಾಮೆರಾ ಬಂದದ್ದು ಮುಖ್ಯವಾಗಿ ಆಗ್ಫಾ ಕ್ಲಿಕ್ 3ರ ಮೂಲಕ. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಈ ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಆರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, 120 ಎಂಬ ಗಾತ್ರದ ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳು, ಅಷ್ಟೆ. ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಂದೆ ‘ಇಂದು’ ಹೆಸರಿನ ಕಪ್ಪುಬಿಳುಪು ಫಿಲ್ಮನ್ನು ಮಾರುಕಟ್ಟೆಗೆ ತಂದಾಗ ಆಮದಿನ ಹಂಗು ಸ್ವಲ್ಪ ತಗ್ಗಿತು. ಆದರೆ ಮೋಡದ ಗುರುತಿಗೂ ಒಂದು ಮಿತಿಯಿತ್ತು: ಮಳೆಗಾಲದಲ್ಲಿ ಅರಕಲಗೂಡಿನಿಂದ ಪಡುವಣಕ್ಕೆ ಮಲೆನಾಡಿನ ಕಡೆ ಸರಿದಂತೆಲ್ಲ ಕವಿಯುವ ಮಬ್ಬಿನಲ್ಲಿ ಇಂಥ ಸರಳ ಮಸೂರ ಬಹುಮಟ್ಟಿಗೆ ನಿರುಪಯೋಗಿ.

ಮದುವೆಯ ಫೋಟೋ ತೆಗೆಯುವವನಿಗಂತೂ ಬೆಳಕೇ ದೊಡ್ಡ ಸಮಸ್ಯೆ. ಮುಹೂರ್ತ ಬೆಳಗಿನ ಜಾವಕ್ಕೆ ಬೀಳಬಹುದು, ಛತ್ರದೊಳಗೆ ಹೋಮದ ಹೊಗೆ ಬೇರೆ. ಆದ್ದರಿಂದ ಅವನು ಯಾಷಿಕಾದಂಥ ಎರಡು ಮಸೂರದ ಕ್ಯಾಮೆರಾ (ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರಕ್ಕೆ) ಮತ್ತು ಒಂದು ಫ್ಲಾಶ್ ಇಟ್ಟುಕೊಂಡು, ಸುರುಳಿಗೆ ಹನ್ನೆರಡರಂತೆ ಎಣಿಸಿ ಕ್ಲಿಕ್ಕಿಸುತ್ತಿದ್ದನು. ಮಾಂಗಲ್ಯಧಾರಣೆಯ ಹೊತ್ತಿಗೆ ಸುರುಳಿ ಮುಗಿಯದಂತೆ ನೋಡಿಕೊಳ್ಳುವುದೂ ಕಸುಬಿನ ಒಂದು ಜಾಣ್ಮೆಯೇ. ಮುಂದೆ 36 ಚಿತ್ರಗಳ 35 ಮಿಲಿಮೀಟರ್ ಫಿಲ್ಮು ಈ ಕಟ್ಟನ್ನು ಸಡಿಲಿಸಿತಾದರೂ ಬಣ್ಣ ಹೊಸದೊಂದು ಕಟ್ಟನ್ನು ತಂದಿತು. ಕಪ್ಪುಬಿಳುಪು ಫಿಲ್ಮನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ನ ದ್ರಾವಣದಲ್ಲಿ ಹಿತ್ತಿಲ ಕೋಣೆಯಲ್ಲಿಯೇ ತೊಳೆಯಬಹುದಾಗಿದ್ದರೆ, ಬಣ್ಣದ ನೆಗೆಟಿವ್‌ಗೆ 37.8 ಡಿಗ್ರಿಯನ್ನು ಹೆಚ್ಚುಕಡಿಮೆಯಾಗದಂತೆ ಕಾಯ್ದುಕೊಳ್ಳಬೇಕಾಗಿತ್ತು, ತುಸು ತಪ್ಪಿದರೂ ಸೀರೆಯ ಬಣ್ಣವೇ ಬೇರೆಯಾಗುತ್ತಿತ್ತು. ಹೀಗಾಗಿ ರೋಲುಗಳು ದೊಡ್ಡ ಊರಿನ ಲ್ಯಾಬಿಗೆ ಹೋಗತೊಡಗಿದವು, ಸ್ಟುಡಿಯೋದ ಕತ್ತಲೆ ಕೋಣೆ ಉಗ್ರಾಣವಾಯಿತು, ಗಳಿಕೆಯ ಒಂದು ಪಾಲು ಊರ ಹೊರಗೆ ಹರಿಯಿತು. ಡಿಜಿಟಲ್ ಬಂದು ಸ್ಟುಡಿಯೋಗಳನ್ನು ಕೆಡಿಸಿತೆಂದು ದೂರುವವರು ಈ ಹಿಂದಿನ ನಷ್ಟವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಈ ನಡುವೆ ಹಾಲ್ ಟಿಕೆಟು, ಬಸ್ ಪಾಸು, 1993ರಲ್ಲಿ ಚುನಾವಣಾ ಆಯೋಗ ಆದೇಶಿಸಿದ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಇವೆಲ್ಲ ಸೇರಿ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನು ಎಲ್ಲರ ಅಗತ್ಯವನ್ನಾಗಿಸಿ ಸ್ಟುಡಿಯೋಗಳಿಗೆ ಬೇರೊಂದು ಕೆಲಸ ಒದಗಿಸಿದ್ದವು.

ವಿದ್ಯುನ್ಮಾನ ಚಿತ್ರದ ಮೊದಲ ಕೈಕ್ಯಾಮೆರಾವನ್ನು ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿಯೇ ರಚಿಸಿದ್ದರೂ (ತೂಕ ಸುಮಾರು 3.6 ಕಿಲೋ, ಒಂದು ಚಿತ್ರ ಕ್ಯಾಸೆಟ್ಟಿಗೆ ದಾಖಲಾಗಲು 23 ಸೆಕೆಂಡು), ಸಣ್ಣ ಊರಿನ ವೃತ್ತಿನಿರತನ ಲೆಕ್ಕಕ್ಕೆ ಅದು ಬಂದದ್ದು 2003ರ ನಂತರ. ಆ ವರ್ಷ ಕ್ಯಾನನ್ ಹೊರತಂದ 6.3 ಮೆಗಾಪಿಕ್ಸೆಲ್‌ನ ಇಓಎಸ್ 300ಡಿ, ಮಸೂರ ಬದಲಿಸಬಹುದಾದ ಡಿಜಿಟಲ್ ಎಸ್‌ಎಲ್‌ಆರ್ ಒಂದನ್ನು ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕೆಳಗೆ ತಂದಿತು. ಮರುವರ್ಷ ನಿಕಾನ್ ಡಿ70 ಅದಕ್ಕೆ ಎದುರಾಳಿಯಾಯಿತು. ಎಸ್‌ಎಲ್‌ಆರ್ ಎಂದರೆ ಚಿತ್ರ ತೆಗೆಯುವ ಮಸೂರದ ಮೂಲಕವೇ ಕನ್ನಡಿಯ ನೆರವಿನಿಂದ ನೋಡಿಸುವ ಕ್ಯಾಮೆರಾ. ಖರ್ಚಿನ ಸ್ವರೂಪ ಇಲ್ಲಿ ತಲೆಕೆಳಗಾಯಿತು: ವರ್ಷವಿಡೀ ಕಂತುಕಂತಾಗಿ ಫಿಲ್ಮಿಗೆ ಹೋಗುತ್ತಿದ್ದ ಹಣವನ್ನು ಮೊದಲ ದಿನವೇ ಒಟ್ಟಿಗೆ ಹೊಂದಿಸಬೇಕಾಯಿತು, ಆಮೇಲೆ ಸಾವಿರ ಚಿತ್ರ ತೆಗೆದರೂ ಬ್ಯಾಟರಿಯ ಚಾರ್ಜಿನಷ್ಟೇ ವೆಚ್ಚ. ಮದುವೆಯಿಲ್ಲದ ಆಷಾಢದಲ್ಲಿ ಫಿಲ್ಮಿನ ಖರ್ಚು ತಾನಾಗಿಯೇ ನಿಲ್ಲುತ್ತಿತ್ತು, ಕ್ಯಾಮೆರಾಕ್ಕೆಂದು ಮಾಡಿದ ಸಾಲದ ಕಂತು ನಿಲ್ಲುವುದಿಲ್ಲ.

ಮೆಗಾಪಿಕ್ಸೆಲ್ ಸಂಖ್ಯೆ ನೋಡಿ ಆರಿಸುವ ಚಾಳಿ ಹುಟ್ಟಿದ್ದೂ ಆಗಲೇ. ಅದು ಎಷ್ಟು ಅಪೂರ್ಣವಾದ ಅಳತೆ ಎಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಶ್ರವಣಬೆಳಗೊಳದ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಅಡಿಯಿಂದ ಮುಡಿಯವರೆಗೆ ಹತ್ತಿರದಿಂದ ಹಿಡಿಯಬೇಕಾದರೆ ಬೇಕಾದದ್ದು ಅಗಲ ಕೋನದ ಮಸೂರ. ಅಗ್ಗದ ಡಿಜಿಟಲ್ ಎಸ್‌ಎಲ್‌ಆರ್‌ನ ಸಂವೇದಕ, ಅಂದರೆ ಫಿಲ್ಮಿನ ಜಾಗದಲ್ಲಿ ಕುಳಿತು ಬೆಳಕನ್ನು ವಿದ್ಯುತ್ತಾಗಿಸುವ ಚಿಪ್ಪು, 35 ಮಿಲಿಮೀಟರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಹಳೆಯ 28 ಮಿಲಿಮೀಟರ್ ಮಸೂರ ಅದರಲ್ಲಿ ಸುಮಾರು 45ರಂತೆ ವರ್ತಿಸಿ ವಿಗ್ರಹವನ್ನು ಕತ್ತರಿಸಿಬಿಡುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55ರ ಸಾಧಾರಣ ಮಸೂರವೇ ಇಲ್ಲಿ ಮೇಲು. ಹನ್ನೆರಡು ವರ್ಷಗಳ ಆಸುಪಾಸಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 1981 ಮತ್ತು 1993ರಲ್ಲಿ ಫಿಲ್ಮಿನಲ್ಲಿ, 2006ರಲ್ಲಿ ಫಿಲ್ಮು ಮತ್ತು ಡಿಜಿಟಲ್ ಎರಡರಲ್ಲೂ, 2018ರಲ್ಲಿ ಬಹುಪಾಲು ಮೊಬೈಲುಗಳಲ್ಲಿ ದಾಖಲಾಯಿತು.

ಮೊಬೈಲಿನ ಪ್ರಭಾವ ಜಾಗತಿಕ ಲೆಕ್ಕದಲ್ಲಿ ಸ್ಪಷ್ಟವಾಗಿದೆ: ಜಪಾನಿನ ತಯಾರಕರ ಸಂಘದ ಅಂಕಿಗಳಂತೆ 2010ರಲ್ಲಿ 12 ಕೋಟಿ ಮೀರಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2020ರಲ್ಲಿ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ತಯಾರಕರು ಕನ್ನಡಿಯಿಲ್ಲದ ದುಬಾರಿ ಮಾದರಿಗಳತ್ತ ಹೊರಳಿದ್ದರಿಂದ ಕನ್ನಡಿಯ ಹಳೆಯ ಕ್ಯಾಮೆರಾಗಳು ಕೈಬದಲಾಗಿ ಅಗ್ಗವಾದವು, ಕಡಿಮೆ ಹಣದ ಕಲಿಕೆಗಾರನ ನಿಜವಾದ ಮಾರುಕಟ್ಟೆ ಈಗ ಅದೇ. ಅಲ್ಲಿ ಅವನು ವಿಚಾರಿಸಬೇಕಾದದ್ದು ಕ್ಯಾಮೆರಾದ ಶಟರ್ ಈವರೆಗೆ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬುದನ್ನು, ಏಕೆಂದರೆ ಆ ಯಂತ್ರಭಾಗಕ್ಕೆ ಆಯುಷ್ಯವಿದೆ. ಜೊತೆಗೆ, ಮಲೆನಾಡಿನ ತೇವದಲ್ಲಿ ಬೀರುವಿನೊಳಗೆ ಮಳೆಗಾಲ ಕಳೆದ ಮಸೂರಗಳಲ್ಲಿ ಜೇಡರ ಬಲೆಯಂತೆ ಬೆಳೆಯುವ ಬೂಷ್ಟನ್ನು ಒಂದು ಬದಿಯಿಂದ ಟಾರ್ಚ್ ಬಿಟ್ಟು ಹುಡುಕಬೇಕು. ಬೂಷ್ಟು ಗಾಜಿನ ಲೇಪವನ್ನು ತಿಂದಿದ್ದರೆ ಒರೆಸಿ ಪ್ರಯೋಜನವಿಲ್ಲ, ಸಕಲೇಶಪುರದಿಂದ ಬಂದ ಮಸೂರವಾದರೂ ಸರಿ, ಬಯಲುಸೀಮೆಯದಾದರೂ ಸರಿ.