ಪಕ್ಷಾಂತರ ಮತ್ತು ಮತಯಾಚನೆ: ವಿ. ಶ್ರೀನಿವಾಸ ಪ್ರಸಾದರ ರಾಜಕೀಯ ಪಥ

2017ರ ಏಪ್ರಿಲ್ 9ರಂದು ನಂಜನಗೂಡು ಮತ್ತು ಗುಂಡ್ಲುಪೇಟೆ ವಿಧಾನಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆ ಒಟ್ಟಿಗೆ ನಡೆಯಿತು. ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಗುಂಡ್ಲುಪೇಟೆಯ ಸ್ಥಾನ ತೆರವಾದದ್ದು ಸಚಿವ ಎಚ್.ಎಸ್. ಮಹದೇವ ಪ್ರಸಾದರ ನಿಧನದಿಂದ. 1994ರಲ್ಲಿ ಜನತಾದಳದಿಂದ ಗೆದ್ದಿದ್ದ ಅವರು 2008ರಲ್ಲೂ 2013ರಲ್ಲೂ ಕಾಂಗ್ರೆಸ್ಸಿನಿಂದ ಆರಿಸಿಬಂದಿದ್ದರು. ಮತದಾರರು ಅವರ ಪಕ್ಷಾಂತರವನ್ನು ದೋಷವೆಂದು ಎಣಿಸಲಿಲ್ಲ. ಉಪಚುನಾವಣೆಯಲ್ಲಿ ಅವರ ಪತ್ನಿ ಗೀತಾ ಮಹದೇವಪ್ರಸಾದ್ ಅದೇ ಪಕ್ಷದಿಂದ ಗೆದ್ದರು.

ನಂಜನಗೂಡಿನ ಸಂಗತಿ ಬೇರೆ. ಅಲ್ಲಿ ಸ್ಥಾನ ತೆರವಾದದ್ದು ರಾಜೀನಾಮೆಯಿಂದ.

1947ರಲ್ಲಿ ಮೈಸೂರಿನಲ್ಲಿ ಜನಿಸಿದ ಶ್ರೀನಿವಾಸ ಪ್ರಸಾದರು ಪರಿಶಿಷ್ಟ ಜಾತಿಗೆ ಮೀಸಲಾದ ಚಾಮರಾಜನಗರದಿಂದ 1980, 1984, 1989 ಮತ್ತು 1991ರಲ್ಲಿ ಕಾಂಗ್ರೆಸ್ ಸಂಸದರಾದರು. 1999ರಲ್ಲಿ ಸಂಯುಕ್ತ ಜನತಾದಳದಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಬಳಿಕ ಮತ್ತೆ ಕಾಂಗ್ರೆಸ್ಸು. 2008, 2013ರಲ್ಲಿ ನಂಜನಗೂಡಿನ ಶಾಸಕತ್ವ. ಸಿದ್ದರಾಮಯ್ಯನವರ ಸಂಪುಟದಲ್ಲಿ ಕಂದಾಯ ಖಾತೆ. 2016ರ ಜೂನ್‌ನಲ್ಲಿ ಅವರನ್ನು ಸಂಪುಟದಿಂದ ಕೈಬಿಡಲಾಯಿತು. ಇದನ್ನು ಅವರು ತಮ್ಮ ಸ್ವಾಭಿಮಾನಕ್ಕೆ ಬಿದ್ದ ಪೆಟ್ಟೆಂದೇ ಬಗೆದು, ಅಕ್ಟೋಬರಿನಲ್ಲಿ ಶಾಸಕ ಸ್ಥಾನವನ್ನು ತೊರೆದು ಭಾರತೀಯ ಜನತಾ ಪಕ್ಷವನ್ನು ಸೇರಿದರು.

1985ರ 52ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹತ್ತನೆಯ ಅನುಸೂಚಿ, ಗೆದ್ದ ಪಕ್ಷವನ್ನು ಬಿಟ್ಟೂ ಸ್ಥಾನವನ್ನು ಉಳಿಸಿಕೊಳ್ಳಲೆಳಸುವವರನ್ನು ಅನರ್ಹಗೊಳಿಸುತ್ತದೆ. ಸ್ಥಾನವನ್ನೇ ಬಿಟ್ಟವರ ವಿಚಾರ ಮತದಾರರ ಪಾಲಿನದು. ರಾಜೀನಾಮೆಯೂ ಒಂದು ಲೆಕ್ಕಾಚಾರವೇ ಎನ್ನುವವರಿದ್ದಾರೆ; ಇರಬಹುದು. ಆದರೆ ಈ ಲೆಕ್ಕದಲ್ಲಿ ನಷ್ಟ ಕಟ್ಟಬೇಕಾದವರು ಅವರೊಬ್ಬರೇ, ಅದನ್ನು ಅವರು ಕಟ್ಟಿದರು ಕೂಡ: ಜಾತ್ಯತೀತ ಜನತಾದಳದಿಂದ ಕಾಂಗ್ರೆಸ್ಸಿಗೆ ಬಂದಿದ್ದ ಕಳಲೆ ಕೇಶವಮೂರ್ತಿಯವರೆದುರು ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕ ಮತಗಳಿಂದ ಸೋತರು. ಪಕ್ಷಾಂತರಿಯನ್ನು ಮಣಿಸಿದವರೂ ಪಕ್ಷಾಂತರಿಯೇ!

ಎರಡು ವರ್ಷಗಳ ತರುವಾಯ, 2019ರಲ್ಲಿ, ಪ್ರಸಾದರು ಮತ್ತೆ ಚಾಮರಾಜನಗರದ ಕಣಕ್ಕಿಳಿದರು. ಎದುರಾಳಿ ಎರಡು ಅವಧಿಯ ಸಂಸದ ಆರ್. ಧ್ರುವನಾರಾಯಣ, 2004ರಲ್ಲಿ ಸಂತೇಮರಹಳ್ಳಿಯಿಂದ ಒಂದೇ ಒಂದು ಮತದ ಅಂತರದಲ್ಲಿ ಶಾಸಕರಾಗಿದ್ದವರು. ಈ ಸಲ ಕೂದಲೆಳೆಯ ಅಂತರ ಅವರ ಕೈಹಿಡಿಯಲಿಲ್ಲ. ಪ್ರಸಾದರು 1,817 ಮತಗಳಿಂದ ಗೆದ್ದು ಆರನೆಯ ಬಾರಿ ಲೋಕಸಭೆಯನ್ನು ಪ್ರವೇಶಿಸಿದರು.

2024ರ ಚುನಾವಣೆಗೆ ಅವರು ನಿಲ್ಲಲಿಲ್ಲ. ಕ್ಷೇತ್ರದ ಮತದಾನ ಮುಗಿದ ಮೂರನೆಯ ದಿನ, ಏಪ್ರಿಲ್ 29ರಂದು, ಬೆಂಗಳೂರಿನಲ್ಲಿ ತೀರಿಕೊಂಡರು.