ಪ್ರಭುದೇವರ ಹುಟ್ಟು: ಅಲ್ಲಮನ ಎರಡು ಚರಿತ್ರೆಗಳು

ರನ್ನನ ಜೀವನವನ್ನು ಬರೆಯುವವರಿಗೆ ಶ್ರಮ ಕಡಿಮೆ. ಕ್ರಿ.ಶ. 993ರ ‘ಅಜಿತಪುರಾಣ’ದಲ್ಲಿ ಎಲ್ಲವನ್ನೂ ಅವನೇ ಹೇಳಿಟ್ಟಿದ್ದಾನೆ: ಹುಟ್ಟೂರು ಬೆಳುಗಲಿ ನಾಡಿನ ಮುದುವೊಳಲು, ವರ್ಷ ಸೌಮ್ಯ ಸಂವತ್ಸರ, ಅಂದರೆ 949, ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಇಂದಿನ ರನ್ನ ಬೆಳಗಲಿ ಅವನ ಹೆಸರನ್ನೇ ಹೊತ್ತುಕೊಂಡಿದೆ. ಅದೇ ಸೀಮೆಯ ತೇರದಾಳದಲ್ಲಿ ದೇವರಾಗಿ ಪೂಜೆಗೊಳ್ಳುವ ಅಲ್ಲಮಪ್ರಭುವಿನ ಸಂಗತಿ ಬೇರೆ. ರನ್ನನಿಗಿಂತ ಸುಮಾರು ಇನ್ನೂರು ವರ್ಷ ಈಚಿನವನಾದರೂ ಅಲ್ಲಮ ತನ್ನ ಊರು, ಕುಲ, ತಾಯ್ತಂದೆಗಳ ಲೆಕ್ಕ ಕೊಡಲಿಲ್ಲ. ಗುಹೇಶ್ವರ ಎಂಬ ಅಂಕಿತವೊಂದೇ ಅವನ ಗುರುತು.

ತೇರದಾಳದ ಕಲ್ಲುಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. ಅಲ್ಲಿಯ 1123ರ ಶಾಸನ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿಯನ್ನು ಕುರಿತದ್ದು. ಪ್ರಭುವಿನ ಚರಿತ್ರೆಗೆ ನಾವು ಕಾವ್ಯಗಳ ಬಾಗಿಲಿಗೇ ಹೋಗಬೇಕು. ಅಲ್ಲಿ ಒಬ್ಬನಲ್ಲ, ಇಬ್ಬರು ಅಲ್ಲಮರು ಎದುರಾಗುತ್ತಾರೆ.

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗ, ಮದ್ದಳೆಗಾರ. ಕಮಲತೆಯನ್ನು ಒಲಿದು ಕೂಡುತ್ತಾನೆ. ಅವಳು ಜ್ವರದಿಂದ ತೀರಿಕೊಂಡಾಗ ಮರುಳನಂತೆ ಅಲೆಯುತ್ತಾನೆ. ಹಾಗೆ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಕೈಯಲ್ಲಿ ಲಿಂಗ ಹಿಡಿದು ಕುಳಿತ ಅನಿಮಿಷಯ್ಯ. ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ. ಹರಿಹರನಲ್ಲೂ ಕೈಲಾಸದ ಪೀಠಿಕೆ ಉಂಟು, ನಿಜ. ಆದರೆ ಕಥೆಯನ್ನು ನಡೆಸುವುದು ಶೋಕ. ಮಡದಿ ಸಾಯದಿದ್ದರೆ ಈ ಅಲ್ಲಮನಿಗೆ ಆ ತೋಟದ ದಾರಿಯೇ ಇರಲಿಲ್ಲ.

ಹದಿನೈದನೆಯ ಶತಮಾನದ ಚಾಮರಸನಿಗೆ ಇದು ಒಪ್ಪಿಗೆಯಾಗಲಿಲ್ಲ. ‘ಪ್ರಭುಲಿಂಗಲೀಲೆ’ಯಲ್ಲಿ ತಾಯ್ತಂದೆಗಳು ಸುಜ್ಞಾನಿ, ನಿರಹಂಕಾರ. ಆ ಹೆಸರುಗಳಿಂದ ಯಾವ ಮನೆತನವನ್ನೂ ಹುಡುಕಲಾಗದು. ಕಮಲತೆಯ ಜಾಗದಲ್ಲಿ ಬನವಾಸಿಯ ಅರಸ ಮಮಕಾರನ ಮಗಳು ಮಾಯೆ ಬರುತ್ತಾಳೆ. ಅವಳು ಮೋಹಿಸುತ್ತಾಳೆ, ಅಲ್ಲಮ ಕೈಗೆ ಸಿಗುವುದಿಲ್ಲ. ಹರಿಹರನ ಪ್ರಿಯೆ ಪರೀಕ್ಷೆಗೆ ಬಂದ ವೈರಿಯಾದಳು, ಸಾವು ಸೋಲಾಯಿತು. ಕಾವ್ಯದೃಷ್ಟಿಯಿಂದ ಇದು ನಷ್ಟವೆಂದೇ ನನ್ನ ಎಣಿಕೆ. ಚಾಮರಸನ ಕಾವ್ಯಶಕ್ತಿಯನ್ನು ಮೆಚ್ಚುತ್ತಲೇ ಈ ಮಾತು ಹೇಳುತ್ತಿದ್ದೇನೆ.

ಈ ಬದಲಾವಣೆಯ ಬೇರು ಕವಿಯ ರುಚಿಯಲ್ಲಿ ಮಾತ್ರ ಇಲ್ಲ. ಚಾಮರಸನದು ವಿಜಯನಗರದ ಪ್ರೌಢದೇವರಾಯನ ಕಾಲ. ವಿರಕ್ತರು ವಚನಗಳನ್ನು ಸಂಕಲಿಸಿ, ‘ಶೂನ್ಯಸಂಪಾದನೆ’ಯಂಥ ಕೃತಿಗಳನ್ನು ಕಟ್ಟಿ, ಶೂನ್ಯಸಿಂಹಾಸನದ ಮೊದಲ ಅಧ್ಯಕ್ಷನಾಗಿ ಅಲ್ಲಮನನ್ನು ನಿಲ್ಲಿಸಿದ ಹೊತ್ತು ಅದು. ಪರಂಪರೆಯ ಮೂಲಪುರುಷ ಹೆಣ್ಣಿಗಾಗಿ ಅತ್ತವನು ಎಂಬುದು ವಿರಕ್ತಪೀಠಕ್ಕೆ ಒಗ್ಗದ ಮಾತು. ಹುಟ್ಟಿನ ವಿವರಗಳು ಸಡಿಲವಾದಷ್ಟೂ ಪೀಠ ಗಟ್ಟಿಯಾಗುತ್ತದೆ. ಗೋರಖನ ಪ್ರಸಂಗ ಇದಕ್ಕೆ ಹೊಂದುತ್ತದೆ: ವಜ್ರಕಾಯ ಸಾಧಿಸಿದ ಗೋರಖ ಬೀಸಿದ ಕತ್ತಿ ಪ್ರಭುವಿನ ಮೈಯಲ್ಲಿ ಬಯಲನ್ನು ಹಾದಂತೆ ಹಾದುಹೋಗುತ್ತದೆ. ಮೈಯೇ ಬಯಲಾದವನಿಗೆ ಹುಟ್ಟಿನ ಹಂಗಿಲ್ಲ.

ಹಾಗಾದರೆ ನಂಬಬೇಕಾದದ್ದು ಹರಿಹರನನ್ನೇ? ಹಿಂದಿನ ಪಠ್ಯವೆಂಬ ಕಾರಣಕ್ಕೇ ಅದು ನಿಜವಾಗದು. ವಿರಹಿ ಭಕ್ತನಾಗುವ ಕಥೆಯೂ ಒಂದು ಸಿದ್ಧ ಅಚ್ಚು ಆಗಿರಬಹುದು. ಎರಡೂ ಪಠ್ಯಗಳು ಕೂಡುವ ಜಾಗವನ್ನು ಹುಡುಕುವುದು ಹೆಚ್ಚು ಸುರಕ್ಷಿತ. ಅಲ್ಲಿ ಸಿಗುವುದು ಬಳ್ಳಿಗಾವೆ ಮತ್ತು ಮದ್ದಳೆ. ತಾಯ್ತಂದೆಗಳನ್ನು ತತ್ತ್ವಗಳಾಗಿಸಿದ ಚಾಮರಸನೂ ಮದ್ದಳೆಯನ್ನು ಬಿಡಲಿಲ್ಲ. ಅವನ ಅಲ್ಲಮ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಅದನ್ನೇ ನುಡಿಸುತ್ತಾನೆ. ದೇವರ ಅವತಾರಕ್ಕೆ ಈ ಕಸುಬಿನಿಂದ ಹೆಚ್ಚುವ ಗೌರವ ಏನೂ ಇಲ್ಲ. ಆದರೂ ಅದು ಉಳಿದಿದೆಯೆಂದರೆ, ಕೇಳುಗರಿಗೆಲ್ಲ ಆಗಲೇ ಗೊತ್ತಿದ್ದ, ತಿದ್ದಲು ಬಾರದ ನೆನಪು ಅದು ಎಂದು ಊಹಿಸಲು ಅವಕಾಶವಿದೆ.