ಮನೆಯೊಳಗಿನ ಯಂತ್ರನೇತ್ರ

ಮನೆಯ ಬಾಗಿಲಿಗೆ ಅಗಳಿ ಹಾಕುವ ಪದ್ಧತಿಯು ಬಹು ಪುರಾತನವಾದುದು. ಕಳ್ಳರ ಭಯವೊಂದೇ ಅದಕ್ಕೆ ಕಾರಣವೆಂದು ಹೇಳುವಂತಿಲ್ಲ. ಪರರ ದೃಷ್ಟಿಗೆ ಬೀಳದೆ ನಗುವುದಕ್ಕೂ, ಅಳುವುದಕ್ಕೂ, ಮನಸ್ತಾಪಪಟ್ಟು ಮತ್ತೆ ಒಂದಾಗುವುದಕ್ಕೂ ಮನುಷ್ಯನಿಗೆ ಒಂದು ಎಡೆ ಬೇಕು. ಅಂಥ ಎಡೆಯೊಳಕ್ಕೆ ಹೊರಗಿನ ಕಣ್ಣು ಗೋಡೆಯನ್ನು ಭೇದಿಸಿ ಬಾರದೆ, ಗೃಹಸ್ಥನೇ ಬೆಲೆ ತೆತ್ತು ತಂದ ವಿನೋದಯಂತ್ರದ ರೂಪದಲ್ಲಿ ಪ್ರವೇಶಿಸಿದುದು ಪ್ರಕೃತ ಶತಮಾನದ ಒಂದು ವಿಶೇಷ. ಆ ಪ್ರವೇಶದ ಚರಿತ್ರೆಯಲ್ಲಿ ‘ಕಿನೆಕ್ಟ್’ ಎಂಬ ಉಪಕರಣದ ಪ್ರಕರಣವು ಮನನಯೋಗ್ಯವಾದುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಕ್ಯಾಮರಾಕ್ಕೂ ಏಕಾಂತಕ್ಕೂ ಇರುವ ವಿರೋಧವು ಹೊಸದಲ್ಲ. 1888ರಲ್ಲಿ ಅಮೆರಿಕೆಯ ಜಾರ್ಜ್ ಈಸ್ಟ್‌ಮನ್ ಎಂಬಾತನು ಕೊಡಕ್ ಎಂಬ ಕೈಕ್ಯಾಮರಾವನ್ನು ಮಾರುಕಟ್ಟೆಗೆ ತಂದನು. ಅಲ್ಲಿಂದ ಮುಂದೆ ಛಾಯಾಚಿತ್ರದ ವಿದ್ಯೆಯನ್ನು ಕಲಿಯದವರೂ ಚಿತ್ರ ತೆಗೆಯಬಲ್ಲವರಾದರು. ಚಿತ್ರಕ್ಕೆ ಒಳಗಾಗುವವನ ಸಮ್ಮತಿಯೂ ಅವಶ್ಯವಿಲ್ಲದೆ ಹೋಯಿತು. ಎರಡು ವರ್ಷಗಳ ತರುವಾಯ, 1890ರಲ್ಲಿ, ಬಾಸ್ಟನ್ ನಗರದ ನ್ಯಾಯವಾದಿಗಳಾದ ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿಸ್ ಬ್ರ್ಯಾಂಡೈಸ್ ಎಂಬವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಗೋಪ್ಯತೆಯ ಹಕ್ಕನ್ನು ಕುರಿತು ಪ್ರಸಿದ್ಧವಾದ ಪ್ರಬಂಧವನ್ನು ಬರೆದರು. ತತ್‌ಕ್ಷಣದ ಛಾಯಾಚಿತ್ರಗಳೂ ವೃತ್ತಪತ್ರಿಕೆಗಳೂ ಗೃಹಜೀವನದ ಮೇರೆಯನ್ನು ಅತಿಕ್ರಮಿಸುತ್ತಿವೆಯೆಂಬುದು ಅವರ ಆಕ್ಷೇಪ. ಅವರ ದೃಷ್ಟಿಯಲ್ಲಿ ಕ್ಯಾಮರಾವು ಹೊರಗೆ ನಿಂತ ಪರಕೀಯನ ಕೈಯಲ್ಲಿದ್ದಿತು, ನಡುಮನೆಯಲ್ಲಿ ಇರಲಿಲ್ಲ.

ಈ ಮೇರೆಯನ್ನು ದಾಟಿದ ಯಂತ್ರಗಳಲ್ಲಿ ಕಿನೆಕ್ಟ್ ಮುಖ್ಯವಾದುದು. ಮೈಕ್ರೊಸಾಫ್ಟ್ ಕಂಪೆನಿಯು ತನ್ನ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರಕ್ಕೆ ಸಹಾಯಕವಾಗಿ 2010ರ ನವೆಂಬರಿನಲ್ಲಿ ಇದನ್ನು ಹೊರತಂದಿತು. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣದ ಚುಕ್ಕೆಗಳನ್ನು ಕೋಣೆಯಲ್ಲೆಲ್ಲ ಹರಡಿ, ಅವುಗಳ ವಿನ್ಯಾಸದಿಂದ ವಸ್ತುಗಳ ದೂರವನ್ನು ಅಳೆದು, ಎದುರಿಗಿದ್ದವರ ಕೈಕಾಲುಗಳ ಚಲನೆಯನ್ನು ಗುರುತಿಸುತ್ತಿದ್ದಿತು. ಧ್ವನಿಯನ್ನು ಗ್ರಹಿಸಲು ನಾಲ್ಕು ಮೈಕ್ರೊಫೋನುಗಳಿದ್ದವು. ಕೈಯಲ್ಲಿ ಏನನ್ನೂ ಹಿಡಿಯದೆ ಮಕ್ಕಳೂ ಹಿರಿಯರೂ ಕುಣಿದು ಆಡುವಂತಾದುದರಿಂದ ಜನರು ಇದಕ್ಕೆ ಮುಗಿಬಿದ್ದರು. ಮೊದಲ 60 ದಿನಗಳಲ್ಲಿಯೇ 80 ಲಕ್ಷ ಉಪಕರಣಗಳು ಮಾರಾಟವಾದವು. ಬೇಕಾದವರು ಕೊಳ್ಳಬಹುದು, ಬೇಡವಾದಾಗ ಕೀಳಬಹುದು ಎಂಬ ಸ್ಥಿತಿಯಿದ್ದುದರಿಂದ ದೊಡ್ಡ ವಿವಾದವೇಳಲಿಲ್ಲ.

2013ರ ಮೇ ತಿಂಗಳಿನಲ್ಲಿ ಈ ಸ್ಥಿತಿ ಬದಲಾಯಿತು. ಕಂಪೆನಿಯು ಎಕ್ಸ್‌ಬಾಕ್ಸ್ ಒನ್ ಎಂಬ ನೂತನ ಯಂತ್ರವನ್ನು ಪ್ರಕಟಿಸಿ, ಕಿನೆಕ್ಟ್ ಜೋಡಿಸಿದ ಹೊರತು ಅದು ನಡೆಯದೆಂದು ತಿಳಿಸಿತು. ಹೊಸ ಕಿನೆಕ್ಟು ಕತ್ತಲೆಯಲ್ಲಿಯೂ ಕಾಣಬಲ್ಲುದಾಗಿದ್ದಿತು. ಮುಖವರ್ಣದ ಸೂಕ್ಷ್ಮ ವ್ಯತ್ಯಾಸದಿಂದ ನಾಡಿಯ ಬಡಿತವನ್ನು ಎಣಿಸಬಲ್ಲುದಾಗಿದ್ದಿತು. ಯಂತ್ರವು ವಿಶ್ರಮಿಸುತ್ತಿರುವಾಗಲೂ ಒಡೆಯನ ಕರೆಗಾಗಿ ಕಿವಿಗೊಟ್ಟಿರುತ್ತಿದ್ದಿತು. ಜರ್ಮನಿಯ ದತ್ತಾಂಶ ಸಂರಕ್ಷಣಾಧಿಕಾರಿಯಾಗಿದ್ದ ಪೀಟರ್ ಶಾರ್ ಅವರು ಕೂಡಲೇ ಬಹಿರಂಗವಾಗಿ ಟೀಕಿಸಿದರು. ಮರುತಿಂಗಳಿನಲ್ಲಿಯೇ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ರಹಸ್ಯಪತ್ರಗಳು ಪ್ರಕಟವಾಗತೊಡಗಿದವು. ಅಮೆರಿಕೆಯ ಗೂಢಚಾರ ಇಲಾಖೆಗೆ ಮಾಹಿತಿ ಒದಗುತ್ತಿದ್ದ ಸಂಸ್ಥೆಗಳ ಪಟ್ಟಿಯಲ್ಲಿ ಮೈಕ್ರೊಸಾಫ್ಟಿನ ಹೆಸರೂ ಇದ್ದಿತು. ತಾನು ನ್ಯಾಯಬದ್ಧವಾದ ಆಜ್ಞೆಗಳಿಗೆ ಮಾತ್ರ ತಲೆಬಾಗುವುದಾಗಿ ಕಂಪೆನಿಯು ಉತ್ತರವಿತ್ತರೂ ಜನರ ಶಂಕೆ ನೀಗಲಿಲ್ಲ.

ಕಂಪೆನಿಯ ಪಕ್ಷವನ್ನೂ ಹೇಳುವುದು ನ್ಯಾಯ. ಎದುರಿಗೆ ಬಂದವರಾರೆಂದು ಯಂತ್ರವೇ ಅರಿತರೆ ಬಳಕೆ ಸುಲಭ. ಪ್ರತಿ ಮನೆಯಲ್ಲಿಯೂ ಉಪಕರಣವಿರುವುದು ನಿಶ್ಚಯವಾದರೆ ಆಟಗಳನ್ನು ರಚಿಸುವವರಿಗೆ ಧೈರ್ಯ. ಬಳಸುವವನು ಕ್ಯಾಮರಾದ ಕೆಲಸವನ್ನು ತಡೆದಿಡಬಹುದೆಂದೂ, ನಿದ್ರಾವಸ್ಥೆಯಲ್ಲಿ ಎಚ್ಚರಿಸುವ ಒಂದು ಆಜ್ಞೆಯನ್ನು ಮಾತ್ರ ಯಂತ್ರವು ಆಲಿಸುವುದೆಂದೂ ಕಂಪೆನಿಯು ಭರವಸೆ ನೀಡಿತು. ಆದರೆ ಭರವಸೆಯನ್ನು ಪರೀಕ್ಷಿಸುವ ಸಾಧನವು ಗೃಹಸ್ಥನಲ್ಲಿರಲಿಲ್ಲ. ಮುಚ್ಚಿದ ಬಾಗಿಲನ್ನು ಕೈಯಿಂದ ತಳ್ಳಿ ನೋಡಬಹುದು. ಯಂತ್ರದೊಳಗಿನ ಲಿಪಿಯಿಂದ ಮುಚ್ಚಿದ ಕಣ್ಣು ನಿಜವಾಗಿಯೂ ಮುಚ್ಚಿದೆಯೇ ಎಂದು ನೋಡುವುದು ಹೇಗೆ? ಗುಂಡಿಯೊತ್ತಿ ಒಪ್ಪಿಗೆ ಕೊಡುವವನು ಯಜಮಾನನೊಬ್ಬನೇ ಎಂಬುದನ್ನೂ ಮರೆಯಲಾಗದು. ಆ ಕೋಣೆಯಲ್ಲಿ ಆಡುವ ಮಗುವಾಗಲಿ, ಬಂದ ನೆಂಟರಾಗಲಿ, ಕೆಲಸದವಳಾಗಲಿ ಒಪ್ಪಿದವರಲ್ಲ.

ಕಡೆಗೆ ಕಂಪೆನಿಯು ಹಿಂಜರಿಯಿತು. 2013ರ ಆಗಸ್ಟಿನಲ್ಲಿ, ಕಿನೆಕ್ಟನ್ನು ಕಿತ್ತಿಟ್ಟರೂ ಯಂತ್ರವು ನಡೆಯುವುದೆಂದು ತಿಳಿಸಿತು. ನವೆಂಬರಿನಲ್ಲಿ 499 ಡಾಲರಿಗೆ ಮಾರಾಟವಾರಂಭವಾದ ಯಂತ್ರವನ್ನು 2014ರ ಜೂನ್ ತಿಂಗಳಿನಿಂದ ಕಿನೆಕ್ಟಿಲ್ಲದೆ 399 ಡಾಲರಿಗೆ ಕೊಟ್ಟಿತು. ಪ್ರತಿಸ್ಪರ್ಧಿಯಾದ ಸೋನಿಯ ಯಂತ್ರವು ಕ್ಯಾಮರಾವಿಲ್ಲದೆ ಅದೇ ಬೆಲೆಗೆ ಸಿಕ್ಕುತ್ತಿದ್ದುದರಿಂದ, ಈ ಪರಿವರ್ತನೆಗೆ ಗೋಪ್ಯತೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. 2017ರಲ್ಲಿ ಕಿನೆಕ್ಟಿನ ತಯಾರಿಕೆಯೇ ನಿಂತಿತು.

ಜನರ ಭಯವು ನಿರಾಧಾರವಾಗಿದ್ದಿತೇ? 2014ರ ಫೆಬ್ರುವರಿಯಲ್ಲಿ ಗಾರ್ಡಿಯನ್ ಪತ್ರಿಕೆಯು ಬ್ರಿಟನ್ನಿನ ಗೂಢಚಾರ ಇಲಾಖೆಯೊಂದರ ಕೃತ್ಯವನ್ನು ಬಯಲು ಮಾಡಿತು. ಆ ಇಲಾಖೆಯು ಯಾಹೂ ಸಂಸ್ಥೆಯ ಮೂಲಕ ಮುಖಾಮುಖಿ ಸಂಭಾಷಿಸುತ್ತಿದ್ದವರ ಚಿತ್ರಗಳನ್ನು, 2008ರ ಆರು ತಿಂಗಳ ಒಂದೇ ಅವಧಿಯಲ್ಲಿ, 18 ಲಕ್ಷಕ್ಕೂ ಹೆಚ್ಚು ಖಾತೆಗಳಿಂದ ಸಂಗ್ರಹಿಸಿತ್ತು. ಅವರಲ್ಲಿ ಬಹುಮಂದಿ ಯಾವ ಅಪರಾಧದ ಶಂಕೆಗೂ ಒಳಗಾದವರಲ್ಲ. ಅದೇ ಪತ್ರಗಳಲ್ಲಿ ಕಿನೆಕ್ಟಿನ ಕ್ಯಾಮರಾದ ಪ್ರಸ್ತಾಪವೂ ಇದ್ದಿತು. ಇತ್ತ 2013ರಲ್ಲಿಯೇ ಸಂಶೋಧಕರು ಸ್ಯಾಮ್‌ಸಂಗ್ ಟೆಲಿವಿಷನ್ನಿನ ಕ್ಯಾಮರಾವನ್ನು ಮನೆಯವರಿಗರಿವಾಗದಂತೆ ದೂರದಿಂದ ತೆರೆಯಬಹುದೆಂದು ತೋರಿಸಿದ್ದರು. ಕಂಪೆನಿಯು ಆ ದೋಷವನ್ನು ತರುವಾಯ ಸರಿಪಡಿಸಿತು.

ನಮ್ಮ ದೇಶದಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಗೋಪ್ಯತೆಯು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಮಾನಿಸಿದರು. ಆ ಮೊಕದ್ದಮೆಯು ಆಧಾರ್ ಯೋಜನೆಯಿಂದ ಹುಟ್ಟಿದುದೇ ಹೊರತು ಆಟದ ಯಂತ್ರಗಳಿಂದಲ್ಲ. ಅದನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಅಭಿಮಾನದ ಸಂಗತಿ. 2023ರಲ್ಲಿ ಪಾರ್ಲಿಮೆಂಟು ವೈಯಕ್ತಿಕ ದತ್ತಾಂಶದ ಸಂರಕ್ಷಣೆಗಾಗಿ ಶಾಸನವೊಂದನ್ನೂ ಅಂಗೀಕರಿಸಿತು.

ಶಾಸನವು ಅವಶ್ಯವೇ. ಆದರೆ ಹಾನಿ ನಡೆದ ಮೇಲೆ ನ್ಯಾಯವನ್ನು ಬೇಡುವುದಕ್ಕಿಂತ, ಹಾನಿಯ ದಾರಿಯನ್ನು ಮುಚ್ಚುವ ಅಧಿಕಾರವು ಮನೆಯವರಲ್ಲಿಯೇ ಇರುವುದು ಲೇಸು. 2013ರಲ್ಲಿ ಗ್ರಾಹಕರು ಪಡೆದುದು ಇಷ್ಟೇ: ಒಂದು ತಂತಿಯನ್ನು ಕೀಳುವ ಸ್ವಾತಂತ್ರ್ಯ. ಕ್ಯಾಮರಾವುಳ್ಳ ಯಂತ್ರವನ್ನು ಮನೆಗೆ ತರುವ ಗೃಹಸ್ಥರು ಅದರ ಚಿತ್ರವು ಎಷ್ಟು ಸ್ಫುಟವೆಂದು ಕೇಳುವುದರೊಡನೆ, ಕಣ್ಣನ್ನು ನಮ್ಮ ಕೈಯಿಂದಲೇ ಮುಚ್ಚಬಹುದೇ, ಮುಚ್ಚಿದಮೇಲೆಯೂ ಯಂತ್ರವು ನಡೆಯುವುದೇ ಎಂದೂ ಕೇಳತಕ್ಕದ್ದು. ಹೌದೆಂಬ ಉತ್ತರ ದೊರೆಯದ ಯಂತ್ರವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ವಿಹಿತ.